ಬಂಡೆ ಹತ್ತಿ ಬೆಂಗಳೂರು ನೋಡೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿಂದ ನೆಂಟರು ಬಂದರೆ ಅವರ ಮಕ್ಕಳು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಇಡೀ ಬೆಂಗಳೂರು ಒಂದೇ ಕಡೆಯಿಂದ ಕಾಣೋ ಜಾಗ ಯಾವುದು? ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಇದೆ. ದುಬೈಯಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಇದೆ. ಲಿಫ್ಟಿನಲ್ಲಿ ಸರ್ರನೆ ಮೇಲೆ ಹೋಗಿ, ಊರು ನೋಡಿ, ಇಳಿದು ಬರಬಹುದು. ನಾನಂತೂ ನಮ್ಮ ನೆಂಟರನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋಗುತ್ತೇನೆ.

ಡಬಲ್ ರೋಡಿನ ಗೇಟಿನಿಂದ ಒಳಗೆ ಹೋದರೆ ಬಂಡೆ ಹತ್ತಿರದಲ್ಲೇ ಸಿಗುತ್ತದೆ. ಏರು ಜಾಸ್ತಿ ಇಲ್ಲ. ವಯಸ್ಸಾದವರೂ ನಿಧಾನವಾಗಿ ಹತ್ತುತ್ತಾರೆ. ಮಳೆ ಬಂದ ದಿನ ಮಾತ್ರ ಚಪ್ಪಲಿ ಜಾರೀತು, ಹುಷಾರು.

ಬಂಡೆಯ ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ ಇದೆ. ಗೋಪುರ ಅಂದ ಕೂಡಲೇ ಭಾರಿ ದೊಡ್ಡದು ಅಂದುಕೊಳ್ಳಬೇಡಿ. ಕಲ್ಲಿನ ಕಂಬಗಳ ಒಂದು ಪುಟ್ಟ ಮಂಟಪ, ಅದರ ಮೇಲೊಂದು ಶಿಖರ. ಅಷ್ಟೇ. ನೆಂಟರ ಮುಖ ಸಪ್ಪಗಾಗುವುದು ಇಲ್ಲೇ. "ಇಷ್ಟೇನಾ?" ಅಂತ ಕೇಳುತ್ತಾರೆ.

ಅದರ ಕಥೆ ಗೊತ್ತಾದರೆ ಹಾಗನ್ನಿಸುವುದಿಲ್ಲ. ಹಿರಿಯ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಬೆಂಗಳೂರು ಪೇಟೆಯನ್ನು ಶುರು ಮಾಡಿದರು. ಆ ವಂಶದವರು ಊರ ಸುತ್ತ ಇಂಥ ನಾಲ್ಕು ಗೋಪುರ ನಿಲ್ಲಿಸಿದರು ಎನ್ನುತ್ತಾರೆ. ಒಂದು ಇಲ್ಲಿ. ಒಂದು ಹಲಸೂರು ಕೆರೆಯ ಹತ್ತಿರ, ಒಂದು ಕೆಂಪಾಂಬುಧಿ ಕೆರೆಯ ಬಳಿ, ಇನ್ನೊಂದು ಮೇಖ್ರಿ ಸರ್ಕಲ್ ಪಕ್ಕ. ಊರು ಇಲ್ಲಿಯವರೆಗೆ ಬೆಳೆದೀತು ಅಂತ ಹಾಕಿದ ಗುರುತು ಅಂತ ಜನ ಹೇಳುತ್ತಾರೆ. ಇಲ್ಲಿಂದ ಮೇಖ್ರಿ ಸರ್ಕಲ್ಲಿಗೆ ನೇರ ಗೀಟೆಳೆದರೆ ಸುಮಾರು 7 ಕಿಲೋಮೀಟರ್. ಇವತ್ತು ಏರ್‌ಪೋರ್ಟಿಗೆ ಹೊರಟವರು ಮೇಖ್ರಿ ಸರ್ಕಲ್ ದಾಟಿದಾಗ, ಸದ್ಯ, ಊರೊಳಗಿನ ಟ್ರಾಫಿಕ್ ಮುಗಿಯಿತು ಅಂದುಕೊಳ್ಳುತ್ತಾರೆ. ಹೆಬ್ಬಾಳದಲ್ಲಿ ಮತ್ತೆ ನಿಲ್ಲುತ್ತಾರೆ.

ಮೇಲಿಂದ ಏನು ಕಾಣುತ್ತದೆ? ಕೆಳಗೆ ತೋಟದ ಮರಗಳ ತಲೆಗಳು, ಅದರಾಚೆ ಕಟ್ಟಡಗಳು. ಅವು ಒಂದರ ಬೆನ್ನಿಗೆ ಇನ್ನೊಂದು ನಿಂತು ದೂರವನ್ನು ಮರೆ ಮಾಡಿವೆ. ಸುಮ್ನೆ ಹೊಗಳುವುದು ಬೇಡ. ಬರೀ ನೋಟಕ್ಕೆ ಅಂತಲೇ ಹತ್ತಿದರೆ ಯಾವುದಾದರೂ ಎತ್ತರದ ಫ್ಲಾಟಿನ ತಾರಸಿಯೇ ವಾಸಿ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಇಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಐಫೆಲ್ ಗೋಪುರ ಬಾಗಿಲು ತೆರೆದದ್ದೂ ಅದೇ ವರ್ಷ. ಸಂಬಂಧವೇನೂ ಇಲ್ಲ, ನೆನಪಾಯಿತು, ಹೇಳಿದೆ.

ನಿಜವಾಗಿ ನೋಡಬೇಕಾದದ್ದು ದೂರದಲ್ಲಿಲ್ಲ, ಕಾಲ ಕೆಳಗೇ ಇದೆ. ಒಂದು ಸಲ ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ನೋಡಿ. ಬಿಳಿ ಪಟ್ಟೆ, ಬೂದು ಪಟ್ಟೆ, ಮಧ್ಯೆ ಕಪ್ಪು ಎಳೆ. ಕೆಲವು ಕಡೆ ನೆಟ್ಟಗಿವೆ, ಕೆಲವು ಕಡೆ ಸುಳಿ ಸುತ್ತಿಕೊಂಡಿವೆ. ರಾಗಿ ಅಂಬಲಿಗೆ ಮಜ್ಜಿಗೆ ಸುರಿದು, ಪೂರ್ತಿ ಕಲಸದೆ ಬಿಟ್ಟ ಹಾಗೆ. ಬೆಳಗಿನ ಓರೆ ಬಿಸಿಲಲ್ಲಿ ಕಪ್ಪು ಎಳೆ ಮಿಣಮಿಣ ಹೊಳೆಯುತ್ತದೆ. ಅದು ಕಾಗೆಬಂಗಾರ, ಅಂದರೆ ಅಭ್ರಕ, ಕಪ್ಪು ಜಾತಿಯದು. ಬಿಳಿ ಭಾಗದಲ್ಲಿರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್ ಅನ್ನೋ ಖನಿಜಗಳು.

ಈ ಕಲ್ಲಿಗೆ ನೈಸ್ ಶಿಲೆ ಅನ್ನುತ್ತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಮೇಲೇಳಲು ಶುರುವಾಗಿ 5 ಕೋಟಿ ವರ್ಷ ಆಗಿರಬಹುದು, ಅಷ್ಟೇ. ಭೂಮಿಯ ಆಳದಲ್ಲಿ ವಿಪರೀತ ಕಾವು, ವಿಪರೀತ ಒತ್ತಡ. ಅದರಲ್ಲಿ ಕಲ್ಲು ಮೆತ್ತಗಾಗಿ, ಮಡಚಿ, ಹಿಂಜಿಕೊಂಡು ಈ ಪಟ್ಟೆಗಳಾದವು. ಆಮೇಲೆ ಮೇಲಿನ ಪದರಗಳು ಸವೆಯುತ್ತಾ ಸವೆಯುತ್ತಾ ಹೋಗಿ, ಆಳದಲ್ಲಿದ್ದದ್ದು ಬಿಸಿಲಿಗೆ ಬಂತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್', ಅಂದರೆ ಪರ್ಯಾಯ ದ್ವೀಪದ ನೈಸ್, ಅಂತ ಹೆಸರಿಟ್ಟರು. ದಕ್ಷಿಣ ಭಾರತದ ಎಷ್ಟೋ ಭಾಗಕ್ಕೆ ತಳಪಾಯ ಇದೇ ಜಾತಿಯ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದೆ. ಅಂದರೆ ಸ್ಮಾರಕ ಮೇಲಿನ ಗೋಪುರವೊಂದೇ ಅಲ್ಲ, ನಾವು ನಿಂತಿರುವ ನೆಲವೂ ಹೌದು ಅಲ್ವಾ? ಇಂಥದ್ದರ ಮೇಲೆ ಮೊಳೆ ಹಿಡಿದು ತಮ್ಮ ಹೆಸರು ಗೀಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಜನವರಿ 26, ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೇಡ. ಆ ನೂಕುನುಗ್ಗಲಲ್ಲಿ ಬಗ್ಗಿ ಕಲ್ಲು ನೋಡುವುದು ಆಗದ ಮಾತು. ಮೆಟ್ರೋದಲ್ಲಿ ಬಂದರೆ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ. ಅದು ಪಶ್ಚಿಮದ ಗೇಟಿನ ಕಡೆ, ಹಾಗಾಗಿ ಬಂಡೆಗೆ ತೋಟ ಹಾಯ್ದು ನಡೆಯಬೇಕು. ಮಧ್ಯಾಹ್ನ ಕಲ್ಲು ಕಾದ ಕಾವಲಿ. ಮಕ್ಕಳಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿದುಬಿಡಿ. ನೀರಿನ ಬಾಟಲಿ ಜೊತೆಗಿರಲಿ.

ನಮಸ್ಕಾರ.