ಸಾಂಟಾ ರೋಸಾ ಪ್ಲಮ್: ಗೊಬ್ಬರದ ಚೀಲಕ್ಕಿಂತ ಕತ್ತರಿಗೇ ಕೆಲಸ ಜಾಸ್ತಿ

ನಮಸ್ಕಾರ. ನೀವೀಗ ನೋಡುತ್ತಿರುವ ಮರ ಸಾಂಟಾ ರೋಸಾ ಪ್ಲಮ್. ತೋಟಕ್ಕೆ ಬಂದವರೆಲ್ಲ ಇದರ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಏನು ಹಾಕುತ್ತೀರಿ?" ನಿಜ ಹೇಳಬೇಕೆಂದರೆ ಹಾಕುವುದು ಬಹಳ ಕಡಿಮೆ. ತೆಗೆಯುವುದೇ ಜಾಸ್ತಿ. ಕೊಂಬೆ ತೆಗೆಯಬೇಕು, ಕಾಯಿ ಕೀಳಬೇಕು, ಬುಡದಲ್ಲಿ ಏಳುವ ಚಿಗುರು ಕೀಳಬೇಕು, ಒಣಗಿ ನೇತಾಡುವ ಹಣ್ಣನ್ನೂ ಬಿಡಬಾರದು. ಗೊಬ್ಬರ ಸುರಿಯಲು ಯಾರಿಗೂ ಬೇಜಾರಿಲ್ಲ. ಕತ್ತರಿ ಹಿಡಿಯಲು ಮಾತ್ರ ಎಲ್ಲರಿಗೂ ಹೆದರಿಕೆ. ಇವತ್ತಿನ ವಿಡಿಯೋ ಆ ಹೆದರಿಕೆ ಇರುವವರಿಗೆ.

ಮೊದಲು ತಳಿಯ ಬಗ್ಗೆ ಸ್ವಲ್ಪ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ರೋಸಾ ಅಂತ ಒಂದು ಊರಿದೆ. ಅಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತಳಿ ತಜ್ಞ ಇದ್ದರು. 1885ರಲ್ಲಿ ಅವರು ಜಪಾನಿನಿಂದ ಪ್ಲಮ್ ಸಸಿಗಳನ್ನು ತರಿಸಿಕೊಂಡರು. ಅವುಗಳನ್ನು ಬೇರೆ ಬೇರೆ ಪ್ಲಮ್‌ಗಳ ಜೊತೆ ಅಡ್ಡತಳಿ ಮಾಡುತ್ತಾ ಹೋದರು. ಹಾಗೆ ಹುಟ್ಟಿದ್ದನ್ನು 1906ರಲ್ಲಿ ತಮ್ಮ ಊರಿನ ಹೆಸರಿಟ್ಟು ಹೊರತಂದರು. ಫ್ರೆಂಚ್ ಫ್ರೈಸ್‌ಗೆ ಬಳಸುವ ರಸೆಟ್ ಬರ್ಬ್ಯಾಂಕ್ ಆಲೂಗಡ್ಡೆ ಗೊತ್ತಲ್ವಾ? ಅದರ ಮೂಲವೂ ಇವರು ಬೆಳೆಸಿದ ಆಲೂಗಡ್ಡೆಯೇ. ಒಬ್ಬನೇ ಮನುಷ್ಯ ಇಷ್ಟೆಲ್ಲಾ ಮಾಡಿದ್ದು ನೋಡಿದರೆ ನಮಗೆ ಒಂದು ಮರ ಸಾಕಲು ಏನು ಕಷ್ಟ ಅನ್ನಿಸುತ್ತದೆ.

ಹಣ್ಣು ಹೀಗಿರುತ್ತದೆ ನೋಡಿ. ಹೊರಗೆ ಕಡುಗೆಂಪು, ಅದರ ಮೇಲೆ ತೆಳುವಾಗಿ ಬಿಳಿ ಪುಡಿ ಹಚ್ಚಿದ ಹಾಗೆ. ಅದು ಔಷಧಿಯಲ್ಲ, ಹಣ್ಣೇ ಬಿಡುವ ಮೇಣ. ಒಳಗೆ ಹಳದಿ ತಿರುಳು, ಸಿಪ್ಪೆಯ ಹತ್ತಿರ ಬಂದಂತೆ ಕೆಂಪು. ಸಿಪ್ಪೆ ಹುಳಿ, ತಿರುಳು ಸಿಹಿ. ಕಚ್ಚಿದಾಗ ಎರಡೂ ಒಟ್ಟಿಗೆ ಬಾಯಿಗೆ ಬರಬೇಕು, ಹಾಗಾಗಿ ಸಿಪ್ಪೆ ಸುಲಿದು ತಿನ್ನುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ.

ಸಸಿ ತರುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮಲ್ಲಿ ಚಳಿ ಸಾಕಷ್ಟು ಬೀಳುತ್ತದಾ? ಪ್ಲಮ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಸುಮಾರು 7 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಇಷ್ಟು ಗಂಟೆ ಕಳೆದ ಮೇಲೆಯೇ ಅದರ ಮೊಗ್ಗು ಸರಿಯಾಗಿ ಏಳುವುದು. ಸಾಂಟಾ ರೋಸಾಗೆ 300ರಿಂದ 400 ಗಂಟೆ ಸಾಕು. ಯುರೋಪಿನ ಪ್ಲಮ್ ತಳಿಗಳಲ್ಲಿ ಹೆಚ್ಚಿನವು ಇದರ ಎರಡರಷ್ಟು ಕೇಳುತ್ತವೆ. ಹಾಗಾಗಿ ಚಳಿ ಅಷ್ಟು ಜೋರಿಲ್ಲದ ಕಡೆಯೂ ಇದು ಒಗ್ಗುತ್ತದೆ. ಆದರೆ ಚಳಿಯೇ ಇಲ್ಲದ ಕಡೆ ನೆಟ್ಟರೆ ಮರ ಬೆಳೆಯಬಹುದು, ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ಅಂಥ ಜಾಗಕ್ಕೆ ಇದನ್ನು ತರಬೇಡಿ ಅಂತಲೇ ನಾನು ಹೇಳುವುದು.

ಬೇಗ ಏಳುವ ಮರಕ್ಕೆ ಇನ್ನೊಂದು ತೊಂದರೆ ಇದೆ. ಚಳಿ ಪೂರ್ತಿ ಹೋಗುವ ಮೊದಲೇ ಹೂ ಬಿಡುತ್ತದೆ. ಅರಳಿದ ಹೂವಿಗೆ ಸೊನ್ನೆಗಿಂತ 2 ಡಿಗ್ರಿ ಕೆಳಗೆ ಹೋದರೆ ಪೆಟ್ಟು ಶುರು. 5 ಡಿಗ್ರಿ ಕೆಳಗೆ ಹೋದರೆ ಬಹುಪಾಲು ಹೂವು ಸತ್ತ ಹಾಗೆಯೇ. ಹಿಮ ಬೀಳುವ ಕಡೆ ಇರುವವರು ತಗ್ಗಿನಲ್ಲಿ ನೆಡಬೇಡಿ. ತಣ್ಣನೆಯ ಗಾಳಿ ಭಾರ, ಅದು ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ. ಸ್ವಲ್ಪ ಎತ್ತರದ ಜಾಗ ಒಳ್ಳೆಯದು. ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೇಕೇ ಬೇಕು.

ಮಣ್ಣಿನ ಬಗ್ಗೆ ಈ ಮರ ಅಷ್ಟೇನೂ ಹಟ ಮಾಡುವುದಿಲ್ಲ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೆ. ಒಂದು ಮೊಳದ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಮರುದಿನವೂ ಹಾಗೇ ನಿಂತಿದ್ದರೆ ಬೇರೆ ಜಾಗ ನೋಡಿ, ಇಲ್ಲವೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ.

ಸಸಿ ಯಾವಾಗಲೂ ಕಸಿ ಕಟ್ಟಿದ್ದೇ ಆಗಬೇಕು. ಹಣ್ಣು ತಿಂದು ಗೊರಟೆ ಹೂತರೆ ಗಿಡ ಬರುತ್ತದೆ, ಆದರೆ ತಾಯಿಯ ಗುಣ ಬರುತ್ತದೆ ಎಂಬ ಭರವಸೆ ಇಲ್ಲ. ಕಸಿ ಗಿಡದ ಕಾಂಡದಲ್ಲಿ ಕೆಳಗೆ ಒಂದು ಗಂಟು, ಸ್ವಲ್ಪ ಸೊಟ್ಟ ಕಾಣುತ್ತದೆ. ಈಗ ತೋರಿಸುತ್ತಿದ್ದೇನೆ ನೋಡಿ. ಆ ಗಂಟು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಗಂಟಿನ ಕೆಳಗಿರುವುದು ಬೇರೆಯೇ ಗಿಡದ ಬೇರು. ಅಲ್ಲಿಂದ ಏಳುವ ಚಿಗುರು ಸಾಂಟಾ ರೋಸಾ ಅಲ್ಲ, ಮರದ ಊಟ ಕದಿಯುವ ಬೇರೆ ಗಿಡ. ಅದನ್ನು ಕತ್ತರಿಸಿದರೆ ಉಳಿದ ಕಣ್ಣುಗಳಿಂದ, ಅಂದರೆ ಚಿಗುರೊಡೆಯುವ ಮೊಗ್ಗುಗಳಿಂದ, ಇನ್ನೂ ನಾಲ್ಕು ಬರುತ್ತವೆ. ಮಣ್ಣು ಸರಿಸಿ, ಎಳೆಯದಿರುವಾಗಲೇ ಬುಡಸಮೇತ ಹರಿದು ಕೀಳಿ. ನೆಡುವ ಗುಂಡಿಗೆ ಗೊಬ್ಬರ ಬೇಡ. ತೆಗೆದ ಮಣ್ಣನ್ನೇ ವಾಪಸ್ ಹಾಕಿ.

ಈಗ ಕತ್ತರಿಯ ಕೆಲಸ. ನೆಟ್ಟ ದಿನವೇ ಶುರು. ಒಂಟಿ ಕೋಲಿನಂತಿರುವ ಸಸಿಯನ್ನು ನೆಲದಿಂದ 60ರಿಂದ 75 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿಬಿಡಿ. ಕರುಳು ಚುರ್ ಅನ್ನುತ್ತದೆ, ನನಗೂ ಅನ್ನುತ್ತದೆ. ದುಡ್ಡು ಕೊಟ್ಟು ತಂದ ಗಿಡದ ಅರ್ಧ ಭಾಗ ನೆಲದ ಮೇಲೆ ಬಿದ್ದಿರುತ್ತದೆ ಅಲ್ವಾ! ಆದರೆ ತುದಿ ಇರುವವರೆಗೆ ಅದು ಕೆಳಗಿನ ಕಣ್ಣುಗಳನ್ನು ಏಳಲು ಬಿಡುವುದಿಲ್ಲ. ತುದಿ ಹೋದ ಕೂಡಲೇ ಆ ಕಣ್ಣುಗಳು ಒಡೆದು ಪಕ್ಕದ ಕೊಂಬೆಗಳಾಗುತ್ತವೆ. ಅವುಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರೋ ನಾಲ್ಕೋ ಇಟ್ಟುಕೊಳ್ಳಿ. ನಡುವೆ ಖಾಲಿ ಇರಲಿ. ಬಾಯಿ ಅಗಲವಾದ ಹೂದಾನಿಯ ಆಕಾರ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ.

ಕೊಂಬೆ ಕಾಂಡಕ್ಕೆ ಸೇರುವ ಕೋನ ನೋಡಿಕೊಳ್ಳಬೇಕು. ಇಲ್ಲಿ ಎರಡು ಕೊಂಬೆ ಇವೆ. ಎಡಗಡೆಯದು ಕಾಂಡಕ್ಕೆ ಅಂಟಿಕೊಂಡ ಹಾಗೆ ಇಕ್ಕಟ್ಟಾಗಿ ಏಳುತ್ತಿದೆ. ಮುಂದೆ ಎರಡೂ ದಪ್ಪವಾದಾಗ ನಡುವೆ ತೊಗಟೆ ಸಿಕ್ಕಿಕೊಂಡು, ಹಣ್ಣಿನ ಭಾರಕ್ಕೆ ಅಲ್ಲೇ ಸೀಳುತ್ತದೆ. ಬಲಗಡೆಯದು ಅಗಲವಾಗಿ ಚಾಚಿದೆ, ಇದು ಗಟ್ಟಿ. ಕೊಂಬೆ ಎಳೆಯದಿದ್ದಾಗ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ ಅಥವಾ ಸಣ್ಣ ಕಡ್ಡಿ ಅಡ್ಡ ಇಟ್ಟು ಅಗಲಿಸಬಹುದು. ಬಲಿತ ಮೇಲೆ ಬಗ್ಗಿಸಲು ಹೋದರೆ ಲಟಕ್ ಅನ್ನುತ್ತದೆ.

ಸಾಂಟಾ ರೋಸಾ ಸ್ವಭಾವದಲ್ಲೇ ಆಕಾಶಕ್ಕೆ ಓಡುವ ಮರ. ಬಿಟ್ಟರೆ ಹಣ್ಣೆಲ್ಲ ಹಕ್ಕಿಗಳ ಎತ್ತರದಲ್ಲಿ ಆಗುತ್ತದೆ. ಅದಕ್ಕೇ ಪ್ರತಿ ಸಲ ಹೊರಮುಖವಾಗಿರುವ ಕಣ್ಣಿನ ಮೇಲೆ ಕತ್ತರಿಸಿ. ಆ ಕಣ್ಣು ಯಾವ ಕಡೆ ನೋಡುತ್ತದೋ ಹೊಸ ಕೊಂಬೆ ಆ ಕಡೆ ಹೋಗುತ್ತದೆ. ಒಳಗೆ ನುಗ್ಗುವ, ಒಂದಕ್ಕೊಂದು ಉಜ್ಜುವ, ನೆಟ್ಟಗೆ ಮೇಲಕ್ಕೆ ಹೋಗುವ ಕೊಂಬೆಗಳನ್ನು ಬುಡದಲ್ಲೇ ತೆಗೆಯಿರಿ. ಆದರೆ ಕೈ ಓಡಿಸುವ ಮೊದಲು ಈ ಮೋಟು ಕಡ್ಡಿಗಳನ್ನು ನೋಡಿ. ಹೆಬ್ಬೆರಳಿನಷ್ಟು ಉದ್ದ, ಮೈತುಂಬ ಮೊಗ್ಗು. ಹಣ್ಣು ಹೆಚ್ಚಾಗಿ ಇವುಗಳ ಮೇಲೇ ಆಗುವುದು, ಅದೂ ವರ್ಷಗಟ್ಟಲೆ. ಒಣ ಕಡ್ಡಿ ಅಂದುಕೊಂಡು ಇವನ್ನು ಸವರಿ ಹಾಕಿದರೆ ಫಸಲನ್ನೇ ಸವರಿದ ಹಾಗೆ.

ಯಾವಾಗ ಸವರಬೇಕು? ಸೇಬಿನ ಮರವನ್ನು ಚಳಿಗಾಲದಲ್ಲಿ ಸವರುತ್ತಾರೆ. ಪ್ಲಮ್‌ಗೆ ನನ್ನ ಮತ ಬೇಸಿಗೆಯ ಕಡೆಗೆ, ಹಣ್ಣು ಕೊಯ್ದ ಮೇಲೆ, ಮಳೆ ಇಲ್ಲದ ದಿನ. ಒದ್ದೆ ಮತ್ತು ಚಳಿ ಇರುವಾಗ ಮಾಡಿದ ಗಾಯ ಬೇಗ ಮಾಯುವುದಿಲ್ಲ. ಸಿಲ್ವರ್ ಲೀಫ್ ಎಂಬ ಶಿಲೀಂಧ್ರ ರೋಗ ಒಳಗೆ ಬರುವುದು ಇಂಥ ಹಸಿ ಗಾಯದಿಂದಲೇ. ಬ್ಯಾಕ್ಟೀರಿಯಾದಿಂದ ಬರುವ ಕ್ಯಾಂಕರ್ ಎಂಬ ತೊಗಟೆ ರೋಗಕ್ಕೂ ಅದೇ ಬಾಗಿಲು. ಸಿಲ್ವರ್ ಲೀಫ್ ತಗುಲಿದರೆ ಎಲೆಗೆ ಬೆಳ್ಳಿಯ ಹೊಳಪು ಬರುತ್ತದೆ, ಆಮೇಲೆ ಕೊಂಬೆ ಒಂದೊಂದಾಗಿ ಸಾಯುತ್ತದೆ. ಬೇಸಿಗೆಯಲ್ಲಿ ಸವರಿದರೆ ಮರದ ಸೊಕ್ಕೂ ಸ್ವಲ್ಪ ಇಳಿಯುತ್ತದೆ. ಚಳಿಗಾಲದಲ್ಲಿ ಜೋರಾಗಿ ಕತ್ತರಿಸಿದರೆ ವಸಂತದಲ್ಲಿ ಅಷ್ಟೇ ಜೋರಾಗಿ ನೆಟ್ಟನೆಯ ಕೊಂಬೆಗಳನ್ನು ಎಬ್ಬಿಸಿ ಸೇಡು ತೀರಿಸಿಕೊಳ್ಳುತ್ತದೆ.

ಹೂವಿನ ವಿಷಯಕ್ಕೆ ಬಂದರೆ, ಈ ತಳಿ ಒಂಟಿಯಾಗಿದ್ದರೂ ತಕ್ಕಮಟ್ಟಿಗೆ ಕಾಯಿ ಕಟ್ಟುತ್ತದೆ. ಪಕ್ಕದಲ್ಲಿ ಇನ್ನೊಂದು ಜಪಾನಿ ಜಾತಿಯ ಪ್ಲಮ್ ಇದ್ದರೆ ಇನ್ನೂ ಚೆನ್ನ. ಯುರೋಪಿನ ಜಾತಿಯದು ಜೋಡಿಯಾಗಿ ನೆಟ್ಟರೆ ಪ್ರಯೋಜನವಿಲ್ಲ. ಜಪಾನಿ ಪ್ಲಮ್‌ನಲ್ಲಿ 16 ಕ್ರೋಮೋಸೋಮ್, ಯುರೋಪಿನದರಲ್ಲಿ 48. ಪರಾಗ ಬಿದ್ದರೂ ಕಾಯಿ ನಿಲ್ಲುವುದಿಲ್ಲ. ಹೂ ಬಿಟ್ಟಿರುವಾಗ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಜೇನುನೊಣ ಬರದಿದ್ದರೆ ಜೋಡಿ ಮರ ಇದ್ದೂ ದಂಡ.

ಇನ್ನು ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸ. ಕಾಯಿ ಕೀಳುವುದು. ಈ ಕೊಂಬೆ ನೋಡಿ, ಒಂದಕ್ಕೊಂದು ಒತ್ತಿಕೊಂಡು ಎಷ್ಟು ಕಾಯಿ. ನೋಡಲು ಹಬ್ಬ. ಇಷ್ಟನ್ನೂ ಬಿಟ್ಟರೆ ಎಲ್ಲವೂ ಗೋಲಿಯಷ್ಟೇ ಉಳಿದು, ಬರೀ ಗೊರಟೆ ಮತ್ತು ಹುಳಿ ಸಿಪ್ಪೆ ಸಿಗುತ್ತದೆ. ಮೊದಲು ಮರವೇ ಒಂದಷ್ಟು ಉದುರಿಸುತ್ತದೆ, ಅದಕ್ಕೆ ಗಾಬರಿ ಬೇಡ. ಅದು ಮುಗಿದ ಮೇಲೆ, ಕಾಯಿ ಹೆಬ್ಬೆರಳ ಉಗುರಿನಷ್ಟು ಇರುವಾಗ, ಗೊರಟೆ ಗಟ್ಟಿಯಾಗುವ ಮೊದಲು ನೀವು ಶುರು ಮಾಡಿ. ಸೊಟ್ಟಗಿರುವುದು, ಚುಕ್ಕೆ ಇರುವುದು, ಚಿಕ್ಕದು ಮೊದಲು ಹೋಗಲಿ. ಆಮೇಲೆ ಒಳ್ಳೆಯ ಕಾಯಿಗಳನ್ನೂ ಕಿತ್ತು, ಒಂದರಿಂದ ಇನ್ನೊಂದಕ್ಕೆ 10ರಿಂದ 15 ಸೆಂಟಿಮೀಟರ್ ಅಂತರ ಬರುವ ಹಾಗೆ ಮಾಡಿ.

ದಪ್ಪ ಹಣ್ಣಿನ ಆಸೆಗೆ ಮಾತ್ರ ಇದನ್ನು ಮಾಡುವುದಲ್ಲ. ಮುಂದಿನ ವರ್ಷದ ಹೂಮೊಗ್ಗು ತಯಾರಾಗುವುದು ಈ ಬೇಸಿಗೆಯಲ್ಲೇ, ಕಾಯಿ ಮರದಲ್ಲಿರುವಾಗಲೇ. ಕಾಯಿಯೊಳಗಿನ ಬೀಜ ಬಿಡುವ ಹಾರ್ಮೋನು ಆ ಮೊಗ್ಗು ಹುಟ್ಟುವುದನ್ನು ತಡೆಯುತ್ತದೆ. ಕಾಯಿ ವಿಪರೀತ ಇದ್ದರೆ ಮೊಗ್ಗು ಕಡಿಮೆ, ಹಾಗಾಗಿ ಮುಂದಿನ ವರ್ಷ ಮರ ಬೋಳು. ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ಮರಗಳಲ್ಲಿ ಬಹಳಷ್ಟಕ್ಕೆ ಕಾಯಿಲೆ ಇದೇ. ಹೊರೆ ಇಳಿಸಿದರೆ ಕೊಂಬೆ ಮುರಿಯುವುದೂ ತಪ್ಪುತ್ತದೆ. ಒತ್ತಿಕೊಂಡ ಹಣ್ಣಿನಿಂದ ಹಣ್ಣಿಗೆ ಕೊಳೆ ಹರಡುವುದೂ ಕಡಿಮೆಯಾಗುತ್ತದೆ.

ನೀರು ಅಪರೂಪಕ್ಕೆ ಕೊಟ್ಟರೂ ಆಳಕ್ಕೆ ಇಳಿಯುವ ಹಾಗೆ ಕೊಡಿ. ಕಾಂಡದ ಬುಡಕ್ಕೆ ಬೇಡ, ಕೊಂಬೆಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಗೆ. ಒಣ ಎಲೆ, ಮರದ ಚೂರು ಏನಾದರೂ ಬುಡದ ಸುತ್ತ ಹೊದಿಸಿ, ಕಾಂಡಕ್ಕೆ ತಾಗಿಸದೆ. ಹಣ್ಣು ಮಾಗುವಾಗ ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಬಿಟ್ಟರೆ ಸಿಪ್ಪೆ ಬಿರಿಯುತ್ತದೆ. ಗೊಬ್ಬರ ಬೇಕೋ ಬೇಡವೋ ಎಂಬುದಕ್ಕೆ ಈ ವರ್ಷದ ಹೊಸ ಚಿಗುರು ಅಳೆದು ನೋಡಿ. ಫಲ ಕೊಡುವ ಮರದಲ್ಲಿ ಅದು 30ರಿಂದ 60 ಸೆಂಟಿಮೀಟರ್ ಬೆಳೆದಿದ್ದರೆ ಸ್ವಲ್ಪ ಕಾಂಪೋಸ್ಟ್ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಆ ವರ್ಷ ಏನೂ ಬೇಡ. ಸಾರಜನಕ ಹೆಚ್ಚಾದರೆ ಮೆತ್ತನೆಯ ಚಿಗುರು ಬರುತ್ತದೆ, ಅದು ಗಿಡದ ರಸ ಹೀರುವ ಹೇನುಗಳಿಗೆ ಔತಣ.

ಹೇನು ಅಂದೆನಲ್ಲ, ಎಲೆ ಹೀಗೆ ಸುರುಟಿಕೊಂಡಿದ್ದರೆ ಬಿಡಿಸಿ ನೋಡಿ, ಒಳಗೆ ಅವುಗಳದೇ ಸಂಸಾರ. ಜೊತೆಗೆ ಇರುವೆ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ, ಹೇನು ತಿನ್ನುವ ಗುಲಗಂಜಿ ಹುಳು ಬಂದರೆ ಓಡಿಸುತ್ತವೆ. ಕಾಂಡಕ್ಕೆ ಕಾಗದ ಸುತ್ತಿ ಅದರ ಮೇಲೆ ಅಂಟು ಹಚ್ಚಿದರೆ ಇರುವೆ ಹತ್ತುವುದು ನಿಲ್ಲುತ್ತದೆ. ಉಳಿದದ್ದನ್ನು ಗುಲಗಂಜಿ ಹುಳುಗಳೇ ನೋಡಿಕೊಳ್ಳುತ್ತವೆ. ಪ್ಲಮ್ಮಿಗೆ ಬರುವ ಹೇನುಗಳಲ್ಲಿ ಕೆಲವು ಬೇಸಿಗೆಯಲ್ಲಿ ತಾವಾಗಿಯೇ ಬೇರೆ ಗಿಡಗಳಿಗೆ ಗುಳೆ ಹೋಗುತ್ತವೆ. ಸುಮ್ನೆ ವಿಷ ಹೊಡೆಯುವ ಅಗತ್ಯ ಇಲ್ಲ.

ಕಾಂಡದಿಂದ ಗೋಂದು ಒಸರುವುದು ಕಂಡರೆ ಕಾರಣ ಹುಡುಕಿ. ಗೋಂದು ತಿಳಿಯಾಗಿದ್ದರೆ ಗಾಯವೋ ನೀರಿನ ಏರುಪೇರೋ ಇರಬಹುದು. ಮರದ ಹುಡಿ ಬೆರೆತಿದ್ದರೆ ಒಳಗೆ ಕೊರೆಯುವ ಹುಳು ಇದೆ. ಬಿಸಿಲಿಗೆ ಬಿರಿದ ತೊಗಟೆಯೇ ಅದಕ್ಕೆ ದಾರಿ. ಎಳೆಯ ಮರದ ಕಾಂಡಕ್ಕೆ, ನೀರಿನಲ್ಲಿ ಕರಗುವ ಬಿಳಿ ಬಣ್ಣವನ್ನು ಅಷ್ಟೇ ನೀರು ಬೆರೆಸಿ ತೆಳು ಮಾಡಿ ಬಳಿದರೆ ತೊಗಟೆ ಸುಡುವುದಿಲ್ಲ.

ಕೊಯ್ಲಿಗೆ ಅವಸರ ಮಾಡಬೇಡಿ. ಒಂದೇ ದಿನ ಎಲ್ಲವೂ ಹಣ್ಣಾಗುವುದಿಲ್ಲ, ಎರಡು ಮೂರು ದಿನಕ್ಕೊಮ್ಮೆ ಬುಟ್ಟಿ ಹಿಡಿದು ಬರಬೇಕು. ಬಣ್ಣ ಮೊದಲೇ ಬರುತ್ತದೆ, ಅದನ್ನು ನಂಬಬೇಡಿ. ಮೆಲ್ಲನೆ ಒತ್ತಿ ನೋಡಿ. ಸ್ವಲ್ಪ ತಗ್ಗಿದರೆ, ಎತ್ತಿ ತಿರುಗಿಸಿದ ಕೂಡಲೇ ಕೈಗೆ ಬಂದರೆ ಸರಿ. ಕಿತ್ತ ಮೇಲೂ ಹಣ್ಣು ಮೆತ್ತಗಾಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಆದರೆ ಸಕ್ಕರೆ ಹೆಚ್ಚುವುದಿಲ್ಲ. ಅದೆಲ್ಲ ಮರದಲ್ಲೇ ಆಗಬೇಕು. ಗೊರಟೆ ಒಡೆದು ಒಳಗಿನ ಬೀಜ ತಿನ್ನಬೇಡಿ, ಮಕ್ಕಳಿಗೂ ಹೇಳಿ. ಅದರಲ್ಲಿ ಹೊಟ್ಟೆಗೆ ಹೋದರೆ ಸಯನೈಡ್ ಆಗುವ ಅಂಶ ಇದೆ.

ಫಸಲು ಮುಗಿದ ಮೇಲೆ ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಕಂದು ಕೊಳೆರೋಗ ಬಂದ ಹಣ್ಣು ಉದುರದೆ, ಒಣಗಿ ಸುಕ್ಕಾಗಿ ಕೊಂಬೆಯಲ್ಲೇ ನೇತಾಡುತ್ತದೆ. ರೋಗದ ಶಿಲೀಂಧ್ರ ಚಳಿಗಾಲ ಕಳೆಯುವುದು ಅದರೊಳಗೇ. ಮರದ ಮೇಲಿರುವುದನ್ನೂ ಕೆಳಗೆ ಬಿದ್ದಿರುವುದನ್ನೂ ಆರಿಸಿ ತೋಟದಿಂದ ಹೊರಗೆ ಸಾಗಿಸಿ. ಇದೊಂದು ಕೆಲಸ ಮಾಡಿದರೆ ಮುಂದಿನ ವರ್ಷದ ಅರ್ಧ ತಲೆನೋವು ಕಡಿಮೆ. ನನ್ನ ಮರದಲ್ಲಿ ಆ ಮೇಲಿನ ಕೊಂಬೆಯಲ್ಲಿ ಇನ್ನೂ ಕೆಲವು ಉಳಿದಿವೆ, ಏಣಿ ತರಬೇಕು. ಹವಾಮಾನ ಒಣಗಿದ್ದರೆ ಮುಂದಿನ ವಿಡಿಯೋದಲ್ಲಿ ಇದೇ ಮರವನ್ನು ನಿಮ್ಮ ಮುಂದೆಯೇ ಸವರುತ್ತೇನೆ, ಯಾವ ಕೊಂಬೆ ಯಾಕೆ ಅಂತ ಒಂದೊಂದಾಗಿ ಹೇಳುತ್ತಾ.