ಶಬ್ದವನ್ನು ಕೊನೆಯಿಂದ ಓದಿರಿ

ಕೇಳುಗರಿಗೆಲ್ಲ ನಮಸ್ಕಾರ. ಧಾರವಾಡ, ಗದಗ, ಹಾವೇರಿ ಸೀಮೆಯ ಯಾವ ಮನೆಗೆ ಹೋದರೂ ಟ್ರಂಕಿನ ತಳದಲ್ಲಿಯೋ ಗೋಡೆಯ ಮೊಳೆಗೆ ತೂಗುಹಾಕಿದ ಕೈಚೀಲದಲ್ಲಿಯೋ ಆಸ್ಪತ್ರೆಯ ಕಾಗದಗಳ ಒಂದು ಕಟ್ಟು ಇದ್ದೇ ಇರುತ್ತದೆ. ಅದರಲ್ಲಿನ ಇಂಗ್ಲಿಷ್ ಶಬ್ದಗಳು ಉದ್ದವಾಗಿರುತ್ತವೆ, ನಾಲಿಗೆಗೆ ಹೊರಳುವುದಿಲ್ಲ. ಆದ್ದರಿಂದ ಅವನ್ನು ಓದುವ ಗೋಜಿಗೇ ನಾವು ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಶಸ್ತ್ರವೈದ್ಯನಾಗಿ ದುಡಿದು, ಜೊತೆಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನಾನು ಇಂದು ನಿಮಗೆ ಹೇಳಬೇಕೆಂದಿರುವುದು ಒಂದೇ ಮಾತು: ಶಬ್ದವನ್ನು ಕೊನೆಯಿಂದ ಓದಿರಿ.

ಕನ್ನಡಿಗರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಹೂಗಾರ, ಬಳೆಗಾರ, ಓಲೇಕಾರ ಎಂಬ ಅಡ್ಡಹೆಸರುಗಳನ್ನು ಕೇಳಿದೊಡನೆ ಆ ಮನೆತನದ ಹಿರಿಯರು ಮಾಡುತ್ತಿದ್ದ ಕಸುಬು ನಮಗೆ ತಿಳಿಯುತ್ತದೆ, ಏಕೆಂದರೆ ಕೊನೆಯ ‘ಗಾರ’, ‘ಕಾರ’ಗಳ ಅರ್ಥ ನಮಗೆ ಗೊತ್ತಿದೆ. ಅಮ್ಮಿನಬಾವಿ, ಮಾದನಬಾವಿ ಎಂದರೆ ಬಾವಿಯ ನೆನಪಾಗುತ್ತದೆ. ನರಗುಂದ, ನವಲಗುಂದ ಎಂದರೆ ಎರೆಭೂಮಿಯ ಬಯಲಿನಲ್ಲಿ ಎದ್ದು ನಿಂತ ಗುಡ್ಡ ಕಣ್ಣಿಗೆ ಕಟ್ಟುತ್ತದೆ. ವೈದ್ಯರು ಬರೆಯುವ ಇಂಗ್ಲಿಷ್ ಶಬ್ದಗಳ ಕಟ್ಟಡವೂ ಹೀಗೆಯೇ ಇದೆ. ಮುಂದಿನ ತುಣುಕು ದೇಹದ ಯಾವ ಭಾಗ ಎಂಬುದನ್ನು ಹೇಳುತ್ತದೆ. ಕೊನೆಯ ತುಣುಕು ಆ ಭಾಗಕ್ಕೆ ಏನಾಗಿದೆ ಅಥವಾ ವೈದ್ಯರು ಅದಕ್ಕೆ ಏನು ಮಾಡಿದ್ದಾರೆ ಎಂಬುದನ್ನು ಹೇಳುತ್ತದೆ.

ಮೊದಲು ‘ಐಟಿಸ್’ ಎಂಬ ಕೊನೆಯನ್ನು ನೋಡೋಣ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಇಂಥದಕ್ಕೆ ಸಂಬಂಧಿಸಿದ್ದು’ ಎಂಬಷ್ಟೇ ಅರ್ಥವಿತ್ತು. ಕೀಲಿಗೆ ಸಂಬಂಧಿಸಿದ ರೋಗವನ್ನು ಆರ್ಥ್ರೈಟಿಸ್ ಎಂದರು. ಇಂದು ಐಟಿಸ್ ಎಂದರೆ ಉರಿಯೂತ. ಎಷ್ಟು ಸೊಗಸಾದ ಕನ್ನಡ ಶಬ್ದ ಇದು! ಆ ಭಾಗ ಉರಿಯುತ್ತದೆ, ಊದಿಕೊಳ್ಳುತ್ತದೆ. ಎರಡೂ ಲಕ್ಷಣಗಳು ಹೆಸರಿನಲ್ಲಿಯೇ ಇವೆ. ಗ್ಯಾಸ್ಟ್ರೈಟಿಸ್ ಎಂದರೆ ಜಠರದ ಉರಿಯೂತ, ಹೆಪಟೈಟಿಸ್ ಎಂದರೆ ಯಕೃತ್ತಿನದು, ಟಾನ್ಸಿಲೈಟಿಸ್ ಎಂದರೆ ಗಂಟಲಿನ ಟಾನ್ಸಿಲ್ ಗ್ರಂಥಿಗಳದು. ಐಟಿಸ್ ಕಂಡಲ್ಲಿ ಉರಿಯೂತ ಎಂದು ತಿಳಿಯಿರಿ.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. 1990ರ ದಶಕದಲ್ಲಿ, ಹೆಸರುಕಾಳಿನ ರಾಶಿ ನಡೆದಿದ್ದ ದಿನಗಳಲ್ಲಿ, ನವಲಗುಂದದ ಕಡೆಯ ಒಬ್ಬ ಹಿರಿಯ ರೈತರು ತಮ್ಮ ಹೆಂಡತಿಯ ಹೊಲಿಗೆ ಬಿಚ್ಚಿಸಲು ಬಂದಿದ್ದರು. ಆ ತಾಯಿಗೆ ಅಪೆಂಡಿಕ್ಸ್ ಆಪರೇಶನ್ ಆಗಿತ್ತು, ಗಾಯ ಚೆನ್ನಾಗಿ ಮಾಗಿತ್ತು. ಆದರೆ ಯಜಮಾನರ ಮುಖ ಬಾಡಿತ್ತು. ಕೇಳಿದಾಗ ಅವರು ಡಿಸ್ಚಾರ್ಜ್ ಕಾರ್ಡನ್ನು ಮುಂದೆ ಹಿಡಿದು, “ಸಾಹೇಬ್ರ, ಒಂದು ಬ್ಯಾನಿ ಹೋತು, ಎರಡನೇದು ಹಂಗ ಉಳದೈತಲ್ರಿ” ಎಂದರು. ಕಾರ್ಡಿನಲ್ಲಿ ಎರಡು ಶಬ್ದಗಳಿದ್ದವು: ಮೇಲೆ ಅಪೆಂಡಿಸೈಟಿಸ್, ಕೆಳಗೆ ಅಪೆಂಡಿಸೆಕ್ಟಮಿ. ಒಂಬತ್ತನೆಯ ಇಯತ್ತೆಯಲ್ಲಿದ್ದ ಮೊಮ್ಮಗಳು ಎರಡನ್ನೂ ತಪ್ಪಿಲ್ಲದೆ ಓದಿ ಹೇಳಿದ್ದಳು. ಅಜ್ಜ ಅವನ್ನು ಎರಡು ರೋಗಗಳೆಂದು ತಿಳಿದಿದ್ದರು. ಎರಡನೆಯ ರೋಗದ ಖರ್ಚಿಗೆಂದು ಜೋಡೆತ್ತಿನಲ್ಲಿ ಒಂದನ್ನು ಮಾರಲು ಮಾತುಕತೆಯನ್ನೂ ನಡೆಸಿದ್ದರು. ಆಸ್ಪತ್ರೆಯಲ್ಲಿ ನಾವು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅದು ನಮ್ಮ ತಪ್ಪು.

ನಾನು ಆ ಹುಡುಗಿಯನ್ನು ಹತ್ತಿರ ಕರೆದು, ಎರಡೂ ಶಬ್ದಗಳ ಮುಂಭಾಗವನ್ನು ಬೆರಳಿನಿಂದ ಮುಚ್ಚು ಎಂದೆ. ಮೇಲೆ ಐಟಿಸ್ ಉಳಿಯಿತು, ಕೆಳಗೆ ಎಕ್ಟಮಿ ಉಳಿಯಿತು. ಎಕ್ಟಮಿಯಲ್ಲಿ ಎರಡು ಗ್ರೀಕ್ ತುಣುಕುಗಳಿವೆ: ‘ಎಕ್’ ಎಂದರೆ ಹೊರಗೆ, ‘ಟೊಮೆ’ ಎಂದರೆ ಕತ್ತರಿಸುವುದು. ಮೇಲಿನದು ನಿಮ್ಮ ಅಜ್ಜಿಗೆ ಬಂದಿದ್ದ ಬೇನೆ, ಕೆಳಗಿನದು ಅದನ್ನು ಕತ್ತರಿಸಿ ಹೊರಗೆ ತೆಗೆದ ಕೆಲಸ ಎಂದು ವಿವರಿಸಿದೆ. ಅಜ್ಜ ಕಾರ್ಡನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು. ಹುಡುಗಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮಗುವಿನ ಕಾರ್ಡಿನಲ್ಲಿ ಟಾನ್ಸಿಲೆಕ್ಟಮಿ ಎಂದಿರುವುದನ್ನು ಕಂಡು, “ಇದಕ್ಕ ಟಾನ್ಸಿಲ್ ತೆಗದಾರ” ಎಂದು ತಾನೇ ಹೇಳಿದಳು. ನಾನು ಆ ಶಬ್ದವನ್ನು ಅವಳಿಗೆ ಕಲಿಸಿರಲಿಲ್ಲ. ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಿಸುವ ಪಾಲಕರು ದಯವಿಟ್ಟು ಇದನ್ನು ಗಮನಿಸಬೇಕು. ಹತ್ತು ಶಬ್ದ ಉರುಹೊಡೆದ ಮಗುವಿಗೆ ಹನ್ನೊಂದನೆಯದು ತಿಳಿಯುವುದಿಲ್ಲ. ಒಂದು ಕೊನೆಯನ್ನು ತಿಳಿದ ಮಗು ಹನ್ನೊಂದನೆಯದನ್ನು ತಾನೇ ಬಿಡಿಸುತ್ತದೆ.

ಅಪೆಂಡಿಸೈಟಿಸ್ ಎಂಬ ಹೆಸರು ಹಳೆಯದೇನಲ್ಲ. 1886ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ ಅದನ್ನು ಬಳಕೆಗೆ ತಂದರು. 1902ರ ಜೂನ್ 26ರಂದು ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ನಡೆಯಬೇಕಾಗಿತ್ತು. ಎರಡು ದಿನ ಮೊದಲು ಇದೇ ಬೇನೆಗೆ ಶಸ್ತ್ರಕ್ರಿಯೆಯಾಗಿ ಸಮಾರಂಭ ಆಗಸ್ಟಿಗೆ ಹೋಯಿತು, ಶಬ್ದ ಮನೆಮಾತಾಯಿತು. ಶಸ್ತ್ರವೈದ್ಯ ಫ್ರೆಡರಿಕ್ ಟ್ರೀವ್ಸ್ ದೊರೆಯ ಅಪೆಂಡಿಕ್ಸನ್ನು ತೆಗೆಯಲಿಲ್ಲ, ಹೊಟ್ಟೆಯನ್ನು ಕೊಯ್ದು ಕೀವನ್ನಷ್ಟೇ ಹೊರಬಿಟ್ಟರು. ಹಾಗಾಗಿ ಅದು ಎಕ್ಟಮಿ ಅಲ್ಲ. ಬರಿದೆ ಕೊಯ್ದು ತೆರೆಯುವುದಕ್ಕೆ ‘ಒಟಮಿ’ ಎಂಬ ಬೇರೆ ಕೊನೆಯಿದೆ. ಹೊಟ್ಟೆಯನ್ನು ತೆರೆದರೆ ಲ್ಯಾಪರಾಟಮಿ.

ಸಮಯ ಮುಗಿಯುತ್ತ ಬಂದಿದೆ, ಉಳಿದವನ್ನು ಬೇಗ ಹೇಳುತ್ತೇನೆ. ‘ಆಲ್ಜಿಯಾ’ ಎಂದರೆ ನೋವು: ಮೈಯಾಲ್ಜಿಯಾ ಸ್ನಾಯುವಿನ ನೋವು, ನ್ಯೂರಾಲ್ಜಿಯಾ ನರದ ನೋವು. ‘ಈಮಿಯಾ’ ಎಂದರೆ ರಕ್ತದ ಸ್ಥಿತಿ. ನಮ್ಮ ಹೆಣ್ಣುಮಕ್ಕಳ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುವ ಅನೀಮಿಯಾ ಎಂದರೆ ರಕ್ತಹೀನತೆ. ‘ಸ್ಕೋಪಿ’ ಎಂದರೆ ನೋಡುವುದು. ಎಂಡೋಸ್ಕೋಪಿ ಎಂದು ಬರೆದುಕೊಟ್ಟ ಕೂಡಲೇ ಆಪರೇಶನ್ ಎಂದು ತಿಳಿದು ಅತ್ತವರನ್ನು, ಚೀಟಿ ಬಿಸಾಕಿ ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಆ ಶಬ್ದದ ಕೊನೆಯಲ್ಲಿ ಎಕ್ಟಮಿ ಇಲ್ಲ, ಒಟಮಿಯೂ ಇಲ್ಲ; ಒಳಗೆ ಏನಾಗಿದೆ ಎಂದು ನೋಡುತ್ತೇವೆ ಎಂದಷ್ಟೇ ಅಲ್ಲಿ ಬರೆದಿದೆ. ನಮಸ್ಕಾರ.