ಸ್ನೇಹ ಕ್ಲಿನಿಕ್ ಇದೆ, ಒಳಗೆ ಹೋಗುವವರು ಯಾರು?

[ದೃಶ್ಯ: ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ, ಬೆಳಿಗ್ಗೆ ಹತ್ತು ಗಂಟೆ. ಚೀಟಿ ಮಾಡಿಸುವ ಕಿಂಡಿಯ ಮುಂದೆ ಉದ್ದನೆಯ ಸಾಲು. ಯಾರ ಮುಖವೂ ಕಾಣಿಸಬಾರದು.]

ನಿರೂಪಕಿ:
ಎಲ್ಲರಿಗೂ ನಮಸ್ಕಾರ. ಕಿಂಡಿಯ ಒಳಗಿನವರು ಕೇಳುವುದು ನಾಲ್ಕೇ ಪ್ರಶ್ನೆ: ಹೆಸರು, ವಯಸ್ಸು, ಗಂಡನ ಅಥವಾ ತಂದೆಯ ಹೆಸರು, ಏನು ತೊಂದರೆ. ಫ್ಯಾನಿನ ಸದ್ದಿನಲ್ಲಿ ಮೊದಲ ಸಲ ಉತ್ತರ ಕೇಳಿಸುವುದಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಕೇಳುತ್ತಾರೆ. ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಅದೇ ಓಣಿಯವರು, ಇನ್ನೊಬ್ಬರು ಅಪ್ಪನ ಪರಿಚಯದವರು.

[ಅಭಿನಯ. ಧ್ವನಿ ಮಾತ್ರ.]
ಸಿಬ್ಬಂದಿ: ಏನು ತೊಂದರೆ, ತಂಗೀ?
ಹುಡುಗಿ: (ಮೆಲ್ಲಗೆ) ಬಿಳಿಸೆರಗು ಹೋಗುತ್ತದೆ, ಅಕ್ಕಾ. ತುರಿಕೆಯೂ ಇದೆ.
ಸಿಬ್ಬಂದಿ: ಕೇಳಿಸಲಿಲ್ಲ. ಜೋರಾಗಿ ಹೇಳು.
ಹುಡುಗಿ: ಜ್ವರ.

ನಿರೂಪಕಿ:
ಚೀಟಿಯ ಮೇಲೆ ‘ಜ್ವರ’ ಎಂದು ಬಿತ್ತು. ಜ್ವರಕ್ಕೆ ಗುಳಿಗೆಯೂ ಸಿಕ್ಕಿತು. ಆಸ್ಪತ್ರೆಯ ಲೆಕ್ಕದಲ್ಲಿ ಒಬ್ಬ ರೋಗಿಗೆ ಚಿಕಿತ್ಸೆ ಆಯಿತು, ಹುಡುಗಿ ಬಂದ ಕೆಲಸ ಮಾತ್ರ ಆಗಲಿಲ್ಲ. ಇಲ್ಲಿ ಔಷಧಿಗೆ ಕೊರತೆ ಇರಲಿಲ್ಲ, ವೈದ್ಯರೂ ಇದ್ದರು. ನಮ್ಮ ಭಾಗದಲ್ಲಿ ಯುವಜನರ ಆರೋಗ್ಯ ಎಂದ ಕೂಡಲೇ ವೈದ್ಯರಿಲ್ಲ, ಕಟ್ಟಡವಿಲ್ಲ ಎಂಬ ದೂರು ಏಳುತ್ತದೆ. ಅದು ಸುಳ್ಳಲ್ಲ. ಆದರೆ ಇರುವ ಬಾಗಿಲನ್ನೇ ಹದಿನೆಂಟು, ಇಪ್ಪತ್ತರ ಮಕ್ಕಳು ಯಾಕೆ ದಾಟುತ್ತಿಲ್ಲ ಎಂಬುದರ ಬಗ್ಗೆ ಈ ವಿಡಿಯೋ.

[ಪರದೆಯ ಮೇಲೆ: ಸ್ನೇಹ ಕ್ಲಿನಿಕ್ ಎಂದರೇನು?]

ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲೇ ಪ್ರತ್ಯೇಕ ಆಪ್ತಸಮಾಲೋಚನೆ ಮತ್ತು ಚಿಕಿತ್ಸೆ ಸಿಗಬೇಕು ಎಂಬುದು ಅದರ ಉದ್ದೇಶ. ಕರ್ನಾಟಕದಲ್ಲಿ ಈ ಕೇಂದ್ರಗಳಿಗೆ ಸ್ನೇಹ ಕ್ಲಿನಿಕ್ ಎಂದು ಹೆಸರು. ಮುಟ್ಟಿನ ತೊಂದರೆ, ರಕ್ತಹೀನತೆ, ಜನನಾಂಗದ ಸೋಂಕು, ಗರ್ಭನಿರೋಧಕಗಳ ಮಾಹಿತಿ, ಮನಸ್ಸಿನ ಬೇಗುದಿ ಎಲ್ಲವನ್ನೂ ಅಲ್ಲಿ ಮಾತನಾಡಬಹುದು. ಹೆಸರು ಚೆನ್ನಾಗಿದೆ. ಆದರೆ ಸ್ನೇಹದ ಕೋಣೆಗೆ ಹೋಗುವ ದಾರಿಯೂ ಅದೇ ಕಿಂಡಿಯ ಮುಂದಿನಿಂದ ಹಾಯ್ದರೆ ಏನು ಬಂತು?

ಸಮಯದ ತಕರಾರು ಬೇರೆ. ಹೊರರೋಗಿ ವಿಭಾಗ ತೆರೆದಿರುವ ಹೊತ್ತಿನಲ್ಲೇ ಕಾಲೇಜು ಇರುತ್ತದೆ. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಹುಡುಗಿಯರು ಹೊಲದಲ್ಲಿರುತ್ತಾರೆ. ಬಸ್ಸಿನ ಖರ್ಚಿನ ಚಿಂತೆಯನ್ನು 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಕಡಿಮೆ ಮಾಡಿದೆ. ತಮ್ಮೂರಿನಲ್ಲಿ ಗುರುತಿನವರ ಕಣ್ಣಿಗೆ ಬೀಳುವ ಬದಲು ಹುಡುಗಿಯರು ಪಕ್ಕದ ತಾಲ್ಲೂಕಿಗೋ ಕಲಬುರಗಿಗೋ ಹೋಗಿ ತೋರಿಸಿಕೊಳ್ಳಬಹುದು. ದಿನಕ್ಕೆ ಎರಡೇ ಬಸ್ ಬರುವ ತಾಂಡಾದವರಿಗೆ ಮಾತ್ರ ಉಚಿತ ಟಿಕೆಟಿನಿಂದಲೂ ಹೆಚ್ಚೇನೂ ಆಗುವುದಿಲ್ಲ.

ಪ್ರತಿ ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಸಣ್ಣಪುಟ್ಟ ಅನುಕೂಲಗಳಿಗೆ ಅದರ ಕೈಯಲ್ಲಿ ಹಣವೂ ಇರುತ್ತದೆ. ಒಂದು ಪರದೆ, ಒಂದು ಬಾಗಿಲು, ‘ಏನು ತೊಂದರೆ’ ಎಂಬುದನ್ನು ಕಿಂಡಿಯಲ್ಲಿ ಕೇಳದೆ ವೈದ್ಯರ ಕೋಣೆಯಲ್ಲಿ ಕೇಳುವ ಏರ್ಪಾಡು, ಇವಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಾಗಿಲ್ಲ.

[ದೃಶ್ಯ: ಆಶಾ ಕಾರ್ಯಕರ್ತೆಯ ಚೀಲ. ಒಳಗಿನಿಂದ ಒಂದೊಂದೇ ವಸ್ತು ಹೊರಬರುತ್ತದೆ.]

ಈಗ ಈ ಚೀಲ ನೋಡಿ. ನಿರೋಧ್. ದಿನವೂ ನುಂಗುವ ಗರ್ಭನಿರೋಧಕ ಗುಳಿಗೆ ಮಾಲಾ-ಎನ್. ವಾರದ ಗುಳಿಗೆ ಛಾಯಾ, ಇದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು ನುಂಗಬೇಕು. ಅಸುರಕ್ಷಿತ ಸಂಪರ್ಕವಾದ 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆ. ಗರ್ಭ ನಿಂತಿದೆಯೇ ಎಂದು ಮನೆಯಲ್ಲೇ ನೋಡುವ ನಿಶ್ಚಯ್ ಕಿಟ್. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಉಚಿತ.

ಚೀಲ ತುಂಬಿದೆ. ಆದರೆ ಆಶಾ ಅಕ್ಕನ ಕೈಯಲ್ಲಿರುವ ಪುಸ್ತಕದ ಹೆಸರು ‘ಅರ್ಹ ದಂಪತಿಗಳ ರಿಜಿಸ್ಟರ್’. ದಂಪತಿಯಾದರೆ ಒಂದು ಸಾಲು ಉಂಟು. ಮದುವೆಯಾಗದ 20 ವರ್ಷದವಳಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಗರ್ಭನಿರೋಧಕ ಕೊಡಲು ಮದುವೆಯಾಗಿರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಆ ನಿಯಮವನ್ನು ಪುಸ್ತಕದ ನಮೂನೆಯೇ ಮಾಡಿಬಿಟ್ಟಿದೆ. ಆಶಾ ಅಕ್ಕನನ್ನು ದೂರಿ ಪ್ರಯೋಜನವಿಲ್ಲ. ಅವಳೂ ಅದೇ ಊರಿನ ಸೊಸೆ. ಹುಡುಗಿಗೆ ಗುಳಿಗೆ ಕೊಟ್ಟಳೆಂದು ನಾಳೆ ಜಗಳಕ್ಕೆ ಬರುವವರು ಅವಳ ಮನೆಗೇ ಬರುತ್ತಾರೆ.

ಇದು ನಮ್ಮೊಬ್ಬರ ಕಥೆಯಲ್ಲ. ಹದಿಹರೆಯದವರಿಗೂ ಮಾಹಿತಿ, ಸೇವೆ, ಗೋಪ್ಯತೆ ಬೇಕೆಂದು 1994ರಲ್ಲೇ ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ ವಿಶ್ವಸಂಸ್ಥೆಯ ಕೈರೋ ಸಮ್ಮೇಳನದಲ್ಲಿ 179 ದೇಶಗಳು ಒಪ್ಪಿದ್ದವು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವರ್ಷದ ಹುಡುಗಿಯರು ವರ್ಷಕ್ಕೆ 2.1 ಕೋಟಿ ಸಲ ಗರ್ಭ ಧರಿಸುತ್ತಾರೆ. ಅದರಲ್ಲಿ ಸುಮಾರು ಅರ್ಧ ಬಯಸದೆ ಆದದ್ದು.

[ಪರದೆಯ ಮೇಲೆ: ಗರ್ಭಪಾತ: ಕಾನೂನು ಏನು ಹೇಳುತ್ತದೆ?]

ಗರ್ಭಪಾತ ಅಪರಾಧ ಎಂದೇ ಬಹಳ ಮಂದಿ ತಿಳಿದಿದ್ದಾರೆ. 1971ರ ಕಾಯ್ದೆ ನಿಗದಿಪಡಿಸಿದ ಕಾರಣಗಳಿಗೆ ಅದನ್ನು ಒಪ್ಪಿದೆ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಒಪ್ಪಿಗೆಯೊಂದಿಗೆ 24 ವಾರಗಳವರೆಗೆ ಅವಕಾಶವಿದೆ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. 18 ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು. ಗಂಡನ ಸಹಿ, ಅಪ್ಪನ ಸಹಿ ತನ್ನಿ ಎಂದು ಕೇಳುವುದು ಆಸ್ಪತ್ರೆಯ ರೂಢಿ ಇರಬಹುದು, ಕಾನೂನು ಅದನ್ನು ಕೇಳಿಲ್ಲ. ಅವಳ ಹೆಸರನ್ನು ಹೊರಗೆಡಹಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಇದು ಗೊತ್ತಿಲ್ಲದವರು ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಿಂದ ಗರ್ಭಪಾತದ ಗುಳಿಗೆ ತರಿಸಿ, ಕಪ್ಪು ಕವರಿನಲ್ಲಿ ಮನೆಗೆ ಒಯ್ದು ನುಂಗುತ್ತಾರೆ. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಕುತ್ತು ಬರುತ್ತದೆ. ಅತಿಯಾಗಿ ರಕ್ತ ಹೋಗುತ್ತಿದ್ದರೆ, ಹೊಟ್ಟೆಯ ಒಂದು ಬದಿ ವಿಪರೀತ ನೋಯುತ್ತಿದ್ದರೆ ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಹದಿನೆಂಟರ ಕೆಳಗಿನವರ ವಿಷಯ ಕಗ್ಗಂಟು. 2012ರ ಪೋಕ್ಸೊ ಕಾಯ್ದೆಯಂತೆ ಅಪ್ರಾಪ್ತೆ ಗರ್ಭಿಣಿ ಎಂದು ಗೊತ್ತಾದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಕಾಯಲೆಂದು ಬಂದ ಕಾಯ್ದೆ ಇದು, ಅದರ ಅಗತ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪೊಲೀಸರ ಹೆಸರು ಕೇಳಿದ ಮನೆಯವರು ಆಸ್ಪತ್ರೆಯತ್ತ ತಲೆ ಹಾಕುವುದಿಲ್ಲ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಆ ವರದಿಯಲ್ಲಿ ಅವಳ ಹೆಸರು ಗುರುತು ಬರೆಯಬೇಕಾಗಿಲ್ಲ ಎಂದು ಅದೇ 2022ರ ತೀರ್ಪು ಹೇಳಿದೆ. ಇದು ಊರವರಿಗೆ ಹಾಗಿರಲಿ, ಎಷ್ಟು ಆಸ್ಪತ್ರೆಗಳಿಗೆ ಗೊತ್ತಿದೆಯೋ!

[ದೃಶ್ಯ: ತಾಯಿ ಕಾರ್ಡ್. ವಯಸ್ಸಿನ ಕಾಲಮಿನ ಮೇಲೆ ಕ್ಯಾಮೆರಾ ನಿಲ್ಲುತ್ತದೆ.]

ಇನ್ನು ಮದುವೆಯಾದ ಮಕ್ಕಳ ಸಂಗತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಕಡೆ ಇದರ ಹಿಂದೆ ಗುಳೆಯೂ ಇದೆ. ತಂದೆತಾಯಿ ಬೆಂಗಳೂರಿಗೋ ಮುಂಬೈಗೋ ಕಟ್ಟಡದ ಕೆಲಸಕ್ಕೆ ಹೋಗುವಾಗ ಬೆಳೆದ ಮಗಳನ್ನು ಯಾರ ಹತ್ತಿರ ಬಿಡುವುದು ಎಂದು ಒಂದು ಗಂಟು ಹಾಕಿಬಿಡುತ್ತಾರೆ.

ಆ ಹುಡುಗಿ ಗರ್ಭಿಣಿಯಾದಾಗ ಅತ್ತೆ ಏನು ಮಾಡುತ್ತಾಳೆ? ಮಗ ಜೈಲು ಸೇರುತ್ತಾನೆಂದು ಹೆದರಿ ಹದಿನಾರನ್ನು ಹತ್ತೊಂಬತ್ತು ಎಂದು ಬರೆಸುತ್ತಾಳೆ. ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ಬಿದ್ದರೆ, ಚಿಕ್ಕ ವಯಸ್ಸಿನ ಬಸಿರಿಗೆ ಬೇಕಾದ ಎಚ್ಚರ ತಪ್ಪಿಹೋಗುತ್ತದೆ. ಈ ವಯಸ್ಸಿನಲ್ಲಿ ರಕ್ತದೊತ್ತಡ ಏರಿ ನಂಜು ಬರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಗುವಿನ ತೂಕ ಕಡಿಮೆ ಇರುವುದು ಹೆಚ್ಚು. ಆರನೇ ತಿಂಗಳಿಗೆ ಆ ದಂಪತಿಯೂ ಗುಳೆ ಹೊರಟರೆ ಕಾರ್ಡು ಟ್ರಂಕಿನಲ್ಲಿ, ಹುಡುಗಿ ಬೆಂಗಳೂರಿನ ಶೆಡ್ಡಿನಲ್ಲಿ. ಗುಳೆ ಹೋಗುವವರು ದಯವಿಟ್ಟು ಈ ಕಾರ್ಡನ್ನು ಒಯ್ಯಿರಿ. ಅದನ್ನು ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ತೋರಿಸಬಹುದು.

[ದೃಶ್ಯ: ಬಸ್ ನಿಲ್ದಾಣದ ಹತ್ತಿರದ ಗೋಡೆ. ‘ಗುಪ್ತ ರೋಗಗಳಿಗೆ ಖಚಿತ ಚಿಕಿತ್ಸೆ’ ಎಂಬ ಭಿತ್ತಿಪತ್ರ.]

ಇಷ್ಟು ಹೊತ್ತು ಹುಡುಗಿಯರ ಮಾತೇ ಆಯಿತು. ಹುಡುಗರಿಗೆ ಸಿಗುವ ಮೊದಲ ‘ವೈದ್ಯ’ ಈ ಗೋಡೆ. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಕೂತು, ಸ್ವಪ್ನಸ್ಖಲನವನ್ನೇ ಕಾಯಿಲೆ ಎಂದು ಹೆದರಿಸಿ ಸಾವಿರಾರು ರೂಪಾಯಿ ಕೀಳುವವರು ಇವರು. ಸ್ವಪ್ನಸ್ಖಲನ ಕಾಯಿಲೆಯಲ್ಲ, ಅದಕ್ಕೆ ಔಷಧಿ ಬೇಕಿಲ್ಲ. ಜನನಾಂಗದಲ್ಲಿ ಗಾಯ, ಉರಿಮೂತ್ರ, ಕೀವು ಕಂಡರೆ ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಜಿಲ್ಲಾ ಆಸ್ಪತ್ರೆಯ ‘ಸುರಕ್ಷಾ ಕ್ಲಿನಿಕ್’ ಕೇಳಿಕೊಂಡು ಹೋಗಿ. ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರವೂ ಅಲ್ಲೇ ಇರುತ್ತದೆ. ಎರಡೂ ಕಡೆ ಸೇವೆ ಉಚಿತ. ಧೈರ್ಯಕ್ಕೆ ಗೆಳೆಯನನ್ನು ಕರೆದುಕೊಂಡು ಹೋದರೂ ಅವನನ್ನು ಹೊರಗೆ ಕೂರಿಸಿ, ಒಬ್ಬರೇ ಒಳಗೆ ಹೋಗಿ ಮಾತನಾಡಿ. ಗುಳಿಗೆ ಬರೆದುಕೊಟ್ಟರೆ ಪೂರ್ತಿ ದಿನ ನುಂಗಿ. ಜೊತೆಗಾತಿ ಇದ್ದರೆ ಅವಳಿಗೂ ಚಿಕಿತ್ಸೆ ಕೊಡಿಸಿ, ಇಲ್ಲದಿದ್ದರೆ ಅದೇ ಸೋಂಕು ಮತ್ತೆ ನಿಮಗೇ ಬರುತ್ತದೆ.

[ಪರದೆಯ ಮೇಲೆ: ಆರೋಗ್ಯ ಸಹಾಯವಾಣಿ 104. ಮಕ್ಕಳ ಸಹಾಯವಾಣಿ 1098. ಮಹಿಳಾ ಸಹಾಯವಾಣಿ 181.]